ಪುಟ್ಟಿಗೆ ಆ ವರ್ಷ ಏನಾಗಿತ್ತು?

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ! ಕಂಪನಿ ಕೆಲಸ. ಇಂದಿರಾನಗರದಲ್ಲಿ, ಮೇಲಿಂದ ಕೆಳಗಿನವರೆಗೆ ಗಾಜೇ ಗಾಜು ಇರುವ ಬಿಲ್ಡಿಂಗು. ನಾನು ಎದುರಿನ ಫುಟ್‌ಪಾತಿನಲ್ಲಿ ನಿಂತು ಕತ್ತು ನೋಯುವ ತನಕ ನೋಡಿ ಬಂದೆ.

ನಿಮಗೆ ಗೊತ್ತೇ ಇದೆ, ನಾನು ನಾಲ್ಕನೇ ಕ್ಲಾಸಿನ ಗಿರಾಕಿ. ಆಟೋಗಳಿಗೆ ಸೀಟು, ಟಾಪು ಹೊಲಿದು ಬದುಕಿದವನು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ಇವಳೊಬ್ಬಳೇ. ಈ ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರು ಅಂದರೆ ಆಗುತ್ತದೆಯೇ? ಆಗಲಿಲ್ಲ. ಅದಕ್ಕೇ ಇದಕ್ಕಿಂತ ಮೊದಲು ಸಿಕ್ಕಿದ್ದ ಒಂದು ಕೆಲಸ ಕೈತಪ್ಪಿತು.

(ಅವಳ ಹೆಸರು ಬರೆಯುವುದಿಲ್ಲ, ಪುಟ್ಟಿ ಅಂತ ಇಟ್ಟುಕೊಳ್ಳಿ. ಏರಿಯಾ ಹೆಸರೂ ಬರೆಯುವುದಿಲ್ಲ, ಪುಲಿಕೇಶಿನಗರದ ಹಿಂದೆ ಅಂದರೆ ಸಾಕು. "ನಮ್ಮಾಫೀಸಲ್ಲಿ ಕನ್ನಡ ಪೇಪರ್ ಓದೋರು ಯಾರೂ ಇಲ್ಲ, ಧೈರ್ಯವಾಗಿ ಬರಿ ತಾತ" ಎಂದು ಅವಳೇ ಪರ್ಮಿಷನ್ ಕೊಟ್ಟಿದ್ದಾಳೆ. ಆದರೂ.)

ಆ ಮೊದಲಿನ ಕಂಪನಿ ಇದ್ದದ್ದು ಕೆ.ಆರ್. ಪುರಂ ಕಡೆ. ಸೆಲೆಕ್ಟ್ ಆಗಿದ್ದಳು. ಇನ್ನು ಮನೆಗೆ ಬಂದು ವಿಚಾರಿಸಿಕೊಂಡು ಹೋಗುವುದೊಂದೇ ಬಾಕಿ. ವೆರಿಫಿಕೇಶನ್ ಅಂತೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬರುತ್ತಿದ್ದರು, ಈಗ ನೌಕರಿಗೂ ಹಾಗೇ!

ಬಂದವನು ಟೈ ಕಟ್ಟಿದ್ದ ಹುಡುಗ. ಮೇನ್ ರೋಡಿನಿಂದ ಫೋನ್ ಮಾಡಿದ.

"ಸಾರ್, ಲೊಕೇಶನ್ ಸಿಗ್ತಿಲ್ಲ. ಲ್ಯಾಂಡ್‌ಮಾರ್ಕ್ ಹೇಳಿ."

"ಸೀದಾ ಬಾಪ್ಪ. ಬಲಗಡೆ ಕರೀ ಗೋಡೆ ಕಾಣ್ಸುತ್ತೆ, ಮೇಲೆ ಛಾವಣಿ ಇಲ್ಲ. ಅದರ ಎದುರಿಗೇ ನಾವು."

"ಏನ್ ಸಾರ್ ಅದು, ಬೆಂಕಿ ಬಿದ್ದಿತ್ತಾ?"

"ಬೀಳಲಿಲ್ಲಪ್ಪ, ಹಾಕಿದ್ರು."

ಮನೆಯಲ್ಲಿ ನಾನೊಬ್ಬನೇ ಇದ್ದೆ. ಕೂರಿಸಿ ಕಾಫಿ ಕೊಟ್ಟೆ. ಸ್ವಂತ ಮನೆಯಾ, ಎಷ್ಟು ಜನ ಇದ್ದೀರಿ ಎಂದೆಲ್ಲ ಕೇಳಿ ಮೊಬೈಲಿನಲ್ಲಿ ಒತ್ತಿಕೊಂಡ. ಆಮೇಲೆ ತಲೆ ಎತ್ತಿ, "ಪಿಯುಸಿ ಆದ್ಮೇಲೆ ಒಂದು ವರ್ಷ ಗ್ಯಾಪ್ ಇದೆ ಸಾರ್. ಹೆಲ್ತ್ ಪ್ರಾಬ್ಲಮ್ ಅಂತ ಮೇಡಂ ಹೇಳಿದ್ದಾರೆ. ಏನಾಗಿತ್ತು?" ಎಂದ.

ಅವಳು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ರೇಗಿಹೋಯಿತು.

"ಹೆಲ್ತಾ? ನಮ್ ಪುಟ್ಟಿಗಾ? ಅವಳಿಗೆ ಒಂದು ನೆಗಡಿ ಬಂದಿದ್ದು ನಾ ಕಾಣೆ! ಆ ವರ್ಷ ಈ ಮನೇನ ಎತ್ತಿ ನಿಲ್ಸಿದ್ದೇ ಅವಳು ಕಣಪ್ಪ!"

ಶುರು ಮಾಡಿದೆ. ಪೂರ್ತಿ ಹೇಳಿದೆ.

ಆ ವರ್ಷ ನಮ್ಮ ಬೀದಿಯಲ್ಲಿ ಗಲಾಟೆಯಾಯಿತು. (ಯಾರು ಯಾರಿಗೆ ಹೊಡೆದರು ಎಂದು ಕೇಳಬೇಡಿ. ಕೇಳುವವರಿಗೆ ಅದೊಂದೇ ಬೇಕಾಗಿರುತ್ತದೆ.) ಸಾಲಾಗಿ ನಿಂತಿದ್ದ ಆಟೋಗಳು ಸುಟ್ಟು ಬರೀ ಕಬ್ಬಿಣ ಉಳಿಯಿತು. ಬೆಳಗ್ಗೆ ಪೊಲೀಸರು ಬೀದಿಯಲ್ಲಿ ಸಿಕ್ಕವರನ್ನು ವ್ಯಾನಿಗೆ ಹತ್ತಿಸಿದರು. ಹಾಲು ತರಲು ಹೋಗಿದ್ದ ನನ್ನ ಮಗನೂ ಸಿಕ್ಕಿದ. ತಿಂಗಳುಗಟ್ಟಲೆ ಒಳಗೇ ಇದ್ದ. ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ ಕಂಪನಿ ಬೇರೆಯವರನ್ನು ತೆಗೆದುಕೊಂಡಿತು. ಆಟೋ ಸುಟ್ಟ ಬೀದಿಗೆ ಯಾವ ಡ್ರೈವರ್ ಸೀಟು ಹೊಲಿಸಲು ಬರುತ್ತಾನೆ? ನನ್ನ ಮಿಷನ್ನಿಗೂ ಕೆಲಸವಿಲ್ಲ.

ಸೊಸೆ ಮನೆಗೆಲಸಕ್ಕೆ ಹೊರಟಳು. ಪುಟ್ಟಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದಳು. ಶಿವಾಜಿನಗರದ ಅಂಗಡಿಗಳನ್ನು ತಾನೇ ಸುತ್ತಿ ಆರ್ಡರ್ ಹಿಡಿದು ತಂದು, ನನ್ನ ಪಕ್ಕ ಕೂತು ರೆಕ್ಸಿನ್ ಹೊಲಿದಳು. ಒಮ್ಮೆ ಸೂಜಿ ಉಗುರಿನೊಳಗೇ ಇಳಿದಿತ್ತು. ಬಟ್ಟೆ ಸುತ್ತಿಕೊಂಡು ಮತ್ತೆ ಹೊಲಿದಳು. ಅವಳ ಜೊತೆ ಓದುತ್ತಿದ್ದ ಕೆಲವು ಹುಡುಗಿಯರಿಗೆ ಆ ವರ್ಷವೇ ಅವಸರದಲ್ಲಿ ಮದುವೆ ಮಾಡಿಬಿಟ್ಟರು. ಅವರಾರೂ ಕಾಲೇಜಿನ ಕಡೆ ತಿರುಗಿ ನೋಡಲಿಲ್ಲ. ಇವಳು ಅಪ್ಪನಿಗೆ ಬೇಲ್ ಸಿಕ್ಕ ಮೇಲೆ ಪುಸ್ತಕ ಇಳಿಸಿದಳು. ಬಿ.ಕಾಂ. ಫಸ್ಟ್ ಕ್ಲಾಸು!

ನಾನು ಹೇಳುತ್ತಲೇ ಹೋದೆ. ಹುಡುಗ ಬಿಡದೆ ಟೈಪ್ ಮಾಡುತ್ತಿದ್ದ. ಎಷ್ಟು ಒಳ್ಳೆಯವನು, ನಮ್ಮ ಪುಟ್ಟಿಯ ಸಾಹಸವನ್ನೆಲ್ಲ ಬರೆದುಕೊಳ್ಳುತ್ತಿದ್ದಾನಲ್ಲ ಎಂದುಕೊಂಡೆ. ಇನ್ನೊಂದು ಲೋಟ ಕಾಫಿ ಕೊಟ್ಟೆ.

ಸಂಜೆ ಪುಟ್ಟಿ ಬಂದಳು.

"ಎಲ್ಲಾ ಹೇಳ್ಬಿಟ್ಯಾ ತಾತ?"

"ಹೇಳ್ದೆ! ಅವನು ಬಾಯಿ ಬಿಟ್ಕೊಂಡು ಕೇಳ್ದ."

"ಅಪ್ಪಂದೂ?"

"ಅಪ್ಪಂದೂ."

ಚಪ್ಪಲಿ ಬಿಚ್ಚದೆ ಹಾಗೇ ಕೂತಳು. "ಗಲಾಟೆ ಏರಿಯಾ ಅಂದ್ರೇನೇ ಹಿಂದೆ ಸರೀತಾರೆ ತಾತ. ಅದರ ಮೇಲೆ ಕೇಸು ಬೇರೆ. ನಾನು ಸುಳ್ಳು ಹೇಳಿದ್ದೂ ಆಯ್ತು."

"ನಿಮ್ಮಪ್ಪ ಏನೂ ಮಾಡಿಲ್ವಲ್ಲೇ!"

"ಅದನ್ನ ಯಾರು ಟೈಪ್ ಮಾಡ್ಕೋತಾರೆ?"

ಸ್ವಲ್ಪ ದಿನಕ್ಕೆ ಮೇಲ್ ಬಂತು. ಆಗುವುದಿಲ್ಲ ಎಂದಿತ್ತು, ಯಾಕೆಂದು ಇರಲಿಲ್ಲ. ಮಗ ನನ್ನ ಮೇಲೆ ಹಾರಾಡಿದ. "ಊರ ಆಟೋಗೆಲ್ಲಾ ಹೊಲಿಗೆ ಹಾಕ್ತೀಯ, ನಿನ್ ಬಾಯಿಗೊಂದು ಹಾಕ್ಕೊಳಕ್ಕಾಗಲ್ವೇನಪ್ಪಾ?"

"ಸುಮ್ನಿರಪ್ಪ" ಎಂದಳು ಪುಟ್ಟಿ. "ತಾತ ನನ್ನ ಹೊಗಳಿದ್ದು ತಾನೇ?"

ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಅಂದರೆ ಕೆಲಸ ಕೊಡುತ್ತಾರೆ. ದುಡಿದು ಮನೆ ಸಾಕಿದೆ ಅಂದರೆ ಕೊಡುವುದಿಲ್ಲ. ಇದು ಯಾವ ಊರ ಲೆಕ್ಕ ಸ್ವಾಮಿ?

ಗಲಾಟೆ ಒಂದು ದಿನದ್ದು ಎಂದು ಪೇಪರಿನವರು ಬರೆದರು. ನೀವು ನಮ್ಮ ಬೀದಿಗೆ ಬಂದು ನೋಡಿ. ಊಟ ತರುವ ಹುಡುಗರು ಈಗಲೂ ಮೇನ್ ರೋಡಿನಲ್ಲೇ ನಿಂತು, ಬಂದು ತಗೊಂಡ್ಹೋಗಿ ಅನ್ನುತ್ತಾರೆ. ಲೋನ್ ಕೇಳಲು ಹೋದರೆ ಅಡ್ರೆಸ್ ಕೇಳಿದ ಮೇಲೆ ಮಾತು ತಣ್ಣಗಾಗುತ್ತದೆ. ಬಾಡಿಗೆಗೆ ಎಂದು ಹಾಕಿದ ಬೋರ್ಡು ಬಿಸಿಲಿಗೆ ಬಿಳಿಚಿಕೊಂಡಿದೆ. ಹೊಸ ಅಂಗಡಿ ಒಂದೂ ಬಂದಿಲ್ಲ.

ಇಂದಿರಾನಗರದ ಕೆಲಸ ಮತ್ತೆ ಹೇಗೆ ಸಿಕ್ಕಿತು ಅಂತೀರಾ? ಈ ಸಲ ಕೊಟ್ಟದ್ದು ಬೆನ್ಸನ್ ಟೌನಿನ ಅಡ್ರೆಸ್ಸು. ಅಲ್ಲಿ ನನ್ನ ಮಗಳು, ಅಂದರೆ ಪುಟ್ಟಿಯ ಅತ್ತೆ ಇದ್ದಾಳೆ. ವೆರಿಫಿಕೇಶನ್ನಿನವನು ಬಂದಾಗ ಅವಳು ಹೌದು, ಇಲ್ಲ ಎಂದು ಬಿಟ್ಟರೆ ಮೂರನೆಯ ಮಾತಾಡಲಿಲ್ಲ. ಕೆಲಸ ಆಯಿತು. ನನ್ನನ್ನು ಆ ದಿನ ಆ ಕಡೆ ಸುಳಿಯಲೂ ಬಿಡಲಿಲ್ಲ!

ಆದರೆ ಆಫೀಸಿನ ಕ್ಯಾಬ್ ಈಗ ಆ ಬಾಗಿಲಿಗೇ ಬರುತ್ತದೆ. ಹಾಗಾಗಿ ಪುಟ್ಟಿ ಅಲ್ಲೇ ಇರಬೇಕು. ಬಟ್ಟೆ ಬರೆ ತೆಗೆದುಕೊಂಡು ಹೋದಳು. ನಡೆದೇ ಹೋಗುವಷ್ಟು ಹತ್ತಿರ. ಆದರೂ ಭಾನುವಾರ ಮಾತ್ರ ಬರುತ್ತಾಳೆ, ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡು. ಆಫೀಸಿನವರು ಯಾರಾದರೂ ನೋಡಿದರೆ?

ನನಗೆ ಸಂತೋಷವೇ. ಸುಳ್ಳಲ್ಲ, ಕುಣಿಯುವಷ್ಟು ಸಂತೋಷ. ಒಂದು ಮಾತು ಮಾತ್ರ ಕೇಳಬೇಕು ಅನ್ನಿಸುತ್ತದೆ.

ಬೆಂಕಿ ಹಾಕಿದವರು ನಮ್ಮ ಬೀದಿಯಲ್ಲೇ ಮುಖ ತೋರಿಸಿಕೊಂಡು ಓಡಾಡುತ್ತಿದ್ದಾರೆ. ಓದಿದವಳು ಯಾಕೆ ಮುಚ್ಚಿಕೊಂಡು ಬರಬೇಕು?