ಕನ್ನಡಕ ಒರೆಸುತ್ತ ಕೇಳಿದ ಪ್ರಶ್ನೆ

ಅಕ್ಕೋರ ಮೂಗಿನ ಎರಡೂ ಬದಿಗೆ ಹುಣಸೆಬೀಜದಷ್ಟು ಕೆಂಪು ಕುಳಿ ಬಿದ್ದಿದ್ದವು. ದಪ್ಪ ಗಾಜಿನ ಕನ್ನಡಕ ವರ್ಷಗಟ್ಟಲೆ ಕೂತು ಮಾಡಿದ ಗುರುತು. ಯಾರನ್ನಾದರೂ ಏನಾದರೂ ಕೇಳಿದರೆಂದರೆ ಆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂಡುತ್ತಿದ್ದರು. ಉತ್ತರ ಬರುವತನಕ ಒರೆಸಿದ್ದೇ ಒರೆಸಿದ್ದು. ಅದೊಂದು ಚಾಳಿ ಎಂದು ಊರು ನಗುತ್ತಿತ್ತು, ನಾನೂ ನಕ್ಕವಳೇ.

ಮುರಗೋಡದ ಕನ್ನಡ ಶಾಲೆಯ ಶಿಕ್ಷಕಿ ಅವರು. ಶಿಕ್ಷಕಿಯರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ನಾನು ಅವರ ಕೈಯಲ್ಲಿ ಅಕ್ಷರ ಕಲಿತವಳಲ್ಲ, ಆ ಊರಿಗೆ ಸೊಸೆಯಾಗಿ ಹೋದವಳು. ತವರಿನಲ್ಲಿದ್ದಾಗ ಬೈಲಹೊಂಗಲದಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಕೋರ್ಸು ಮುಗಿಸಿದ್ದೆ. ಹುಡುಗಿ ಕಲಿತವಳು ಎಂದು ಹೆಮ್ಮೆಯಿಂದ ಸೊಸೆ ಮಾಡಿಕೊಂಡ ಮನೆಯವರು ಆ ಕಲಿಕೆಯನ್ನು ಮದುವೆಯ ಸೀರೆಯ ಜೊತೆ ಟ್ರಂಕಿನಲ್ಲಿಟ್ಟು ಮುಚ್ಚಿಬಿಟ್ಟರು. ಕೆಟ್ಟವರೇನಲ್ಲ ಬಿಡಿ. ಉಣ್ಣಲು ಉಡಲು ಕಮ್ಮಿಯಿಲ್ಲದ ಒಕ್ಕಲುತನದ ಮನೆ. ನೀನು ಕೆಲಸಕ್ಕೆ ಹೋಗುತ್ತೀಯಾ ಎಂದು ಒಬ್ಬರಿಗೂ ಕೇಳಬೇಕೆನಿಸಲಿಲ್ಲ, ಹೇಳುವ ಧೈರ್ಯ ನನಗಿರಲಿಲ್ಲ. ದಿನಾ ಮುಂಜಾನೆ ಬೈಲಹೊಂಗಲದ ಬಸ್ಸಿನ ಹಾರ್ನು ಕೇಳುತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ, ಒಂದೊಂದು ದಿನ ಸಿಟ್ಟಿಗೆ ರೊಟ್ಟಿ ಹರಿದೇ ಹೋಗುತ್ತಿತ್ತು.

ಹಿಂದಿನ ಜನಗಣತಿಯ ಲೆಕ್ಕ ಬರೆದುಕೊಳ್ಳಲು ಅಕ್ಕೋರು ನಮ್ಮ ಮನೆಗೆ ಬಂದದ್ದು ಮಾಘದ ಭಾರತ ಹುಣ್ಣಿಮೆಯ ಆಜುಬಾಜಿಗೆ. ಪಡಸಾಲೆಯಲ್ಲಿ ಮಾವನವರು ಗೋಡೆಗೆ ಆತು ಕೂತು ಎಲ್ಲರ ಪರವಾಗಿ ಹೇಳುತ್ತಿದ್ದರು. ನಮ್ಮ ಯಜಮಾನರು ಬದಿಗೆ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದರು. ಅತ್ತೆಯ ಸರದಿ ಬಂತು.

"ಆಕೀದೇನ್ರಿ, ಮನಿಗೆಲಸ. ಬರಕೋರಿ" ಎಂದರು ಮಾವ.

ಅಕ್ಕೋರು ಪೆನ್ನು ಕೆಳಗಿಟ್ಟರು. ಅತ್ತೆಯನ್ನು ಒಳಗಿನಿಂದ ಕರೆಸಿ ಎದುರಿಗೆ ಕೂಡಿಸಿಕೊಂಡರು. "ಕಳದ ವರ್ಸ ಏನ ಕೆಲಸಾ ಮಾಡೀರಿ ಯವ್ವಾ?"

"ನಂದೇನೈತ್ರಿ, ಏನೂ ಇಲ್ಲ."

ಕನ್ನಡಕ ಕೈಗೆ ಬಂತು, ಒರೆಸುವುದು ಶುರುವಾಯಿತು. "ಕಾರ ಹುಣ್ಣಿವಿ ಮುಂದ ಎಲ್ಲಿದ್ರಿ?"

"ಹೊಲದಾಗ. ಹೆಸರ ಬಿತ್ತೂಮುಂದ ಬೀಜ ಬಿಡಾಕಿ ನಾನ ಅಲ್ರಿ."

"ಪಂಚಮಿ ಆದಮ್ಯಾಲ?"

"ಹೆಸರಕಾಯಿ ಬುಡ್ಡಿ ಬಿಡಸೂದು, ಕಳೇ ತಗಿಯೂದು."

"ಶೀಗಿ ಹುಣ್ಣಿವಿಗೆ? ಎಳ್ಳಮಾಸಿಗೆ?"

ಜೋಳದ ಬಿತ್ತಿಗೆ ಬಂತು, ಹತ್ತಿ ಬಿಡಿಸುವುದು ಬಂತು, ಮೊನ್ನೆ ಕಿತ್ತ ಕಡಲೆಯೂ ಬಂತು. ಅತ್ತೆಗೇ ಆಶ್ಚರ್ಯ, ಇಷ್ಟೆಲ್ಲ ತಾನೇ ಮಾಡಿದ್ದಾ ಎಂದು! ಅಕ್ಕೋರು ಬೆರಳ ಗೆಣ್ಣು ಎಣಿಸಿ ಹೇಳಿದರು: "ಆರ ತಿಂಗಳ ಮ್ಯಾಲ ಆತಲ್ರಿ. ನೀವು ಪೂರ್ತಿ ಕೆಲಸಗಾರರು. ಸಾಗುವಳಿ ಅಂತ ಬರೀತೇನಿ."

"ಅಯ್ ಶಿವನ! ನಾನೂ ರೈತನ ಏನ್ರಿ ಹಂಗಾರ?" ಎಂದು ಅತ್ತೆ ಸೆರಗು ಬಾಯಿಗಿಟ್ಟು ನಕ್ಕದ್ದೇ ನಕ್ಕದ್ದು. ಮಾವನ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತ್ತು.

ಆಮೇಲೆ ನಾನು. ಹುಣ್ಣಿಮೆ ಅಮಾವಾಸ್ಯೆ ಎಲ್ಲ ನನಗೂ ಕೇಳಿದರು. ಅಡುಗೆ, ಅರಿವೆ ಒಗೆಯುವುದು, ಭಾಂಡೆ ತಿಕ್ಕುವುದು. ಇನ್ನೇನಿತ್ತು ಹೇಳಲು? "ಈಕೀನ್ನ ಹೊಲಕ್ಕೂ ಕಳಸಂಗಿಲ್ರಿ, ಕಲತಾಕಿ" ಎಂದು ಅತ್ತೆ ಅಭಿಮಾನದಿಂದಲೇ ಹೇಳಿದರು. ಅಕ್ಕೋರು ಮನೆಗೆಲಸ ಎಂದು ಗುರುತು ಹಾಕಿದರು. ಮುಗಿಯಿತು ಎಂದು ಏಳಲು ಹೋದೆ.

"ಕುಂದರು ತಂಗಿ. ಕೆಲಸ ಇಲ್ಲದವರಿಗೆ ಇನ್ನೊಂದ ಪ್ರಶ್ನಿ ಐತಿ. ನೀ ಕೆಲಸಾ ಹುಡಕಾಕ ಹತ್ತೀಯೇನು? ಸಿಕ್ಕರ ಮಾಡಾಕ ತಯಾರ ಅದೀಯೇನು?"

ಮಾವ ನೆಟ್ಟಗೆ ಕೂತರು. "ಛೇ ಛೇ, ಇಲ್ಲಂತ ಬರಕೋರಿ ಅಕ್ಕೋರ. ನಮ್ಮ ಮನಿ ಸೊಸಿ ಕೆಲಸಾ ಹುಡಕತಾಳಂದ್ರ ನಾಳೆ ಪಂಚಾಯ್ತ್ಯಾಗ ಓದಿ ಹೇಳ್ಯಾರು. ಇವರ ಮನ್ಯಾಗ ಉಣ್ಣಾಕ ಕಮ್ಮಿ ಆತೇನ ಅಂದಾರು."

ಅವರು ಅದನ್ನು ನಿಜವಾಗಿಯೂ ನಂಬಿದ್ದರು, ಪಾಪ.

"ಯಾರೂ ಓದಂಗಿಲ್ರಿ, ಇದು ಗುಟ್ಟಿಂದು. ಮಾಡಿದ ಕೆಲಸಾ ನೀವೂ ಹೇಳಬಹುದು. ಬೇಕೋ ಬ್ಯಾಡೋ ಅನ್ನೂದನ್ನ ಆಕೀನ ಹೇಳಬೇಕಲ್ರಿ" ಎಂದ ಅಕ್ಕೋರು ಮತ್ತೆ ಕನ್ನಡಕ ತೆಗೆದರು.

ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು, ಯಾರೂ ಏಳಲಿಲ್ಲ. ಇಲ್ಲ ಅಂದರೆ ನನ್ನ ಕಥೆ ಅಲ್ಲಿಗೇ ಮುಗಿದಂತೆ. ಹೌದು ಅಂದರೆ ನಾಳೆಯಿಂದ ಈ ಮನೆಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ? ಅಕ್ಕೋರು ಒರೆಸುತ್ತಲೇ ಇದ್ದರು. ಅವಸರವಿಲ್ಲ, ಒತ್ತಾಯವಿಲ್ಲ.

"ಹೂಂನ್ರಿ. ಬೇಕ್ರಿ" ಎಂದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

ಯಜಮಾನರು ಪಂಪು ಬಿಟ್ಟು ನನ್ನತ್ತ ನೋಡಿದರು. "ನನಗ ಒಂದ ದಿನಾನೂ ಹೇಳಲಿಲ್ಲಲಾ?"

"ನೀವು ಕೇಳಲೇ ಇಲ್ಲಲ್ರಿ."

ಅಕ್ಕೋರು ಕನ್ನಡಕ ಏರಿಸಿ ಬರೆದುಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಕೆಲಸ ಇಲ್ಲದವರೆಲ್ಲಾ ನಿರುದ್ಯೋಗಿ ಅಲ್ಲ ತಂಗಿ. ಬೇಕು ಅಂತ ಅಂದವರಷ್ಟ ಆ ಲೆಕ್ಕಕ್ಕ ಬರತಾರ. ಇವತ್ತ ನೀನೂ ಬಂದಿ."

ಎಂಥ ಮಾತು ನೋಡಿ! ಹೆತ್ತವರು ಕೇಳದ್ದನ್ನು, ಕೈಹಿಡಿದವರು ಕೇಳದ್ದನ್ನು ಇಷ್ಟು ದೊಡ್ಡ ದೇಶ ನಮ್ಮ ಪಡಸಾಲೆಗೆ ಬಂದು, ಚಾಪೆಯ ಮೇಲೆ ಕೂತು ಕೇಳಿತ್ತು. ನಿರುದ್ಯೋಗಿ ಎಂದು ಬರೆಸಿಕೊಂಡು ನನ್ನಷ್ಟು ಖುಷಿಪಟ್ಟವರು ಇನ್ನೊಬ್ಬರು ಇರಲಿಕ್ಕಿಲ್ಲ. ಆದರೆ ಆ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಮಾವಂದಿರ ಬಾಯಲ್ಲೇ ಮುಗಿದು ಹೋಗಿರುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ತನಕ ಬಂದದ್ದು ಅಕ್ಕೋರು ತಂದದ್ದರಿಂದ.

ಮಾವ ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು. ಅತ್ತೆ ಮಾತ್ರ ಸೀದ ಹಾಲಿನ ಬಗ್ಗೆ ಬೈದು ಸುಮ್ಮನಾದರು. ಯಜಮಾನರು ಬೈಲಹೊಂಗಲದಲ್ಲಿ ತಾವೇ ಓಡಾಡಿ ಒಂದು ಲ್ಯಾಬಿನಲ್ಲಿ ಕೇಳಿ ಬಂದರು. ಮುಂಗಾರು ಬೀಳುವ ಮೊದಲೇ ನಾನು ಆ ಹಾರ್ನಿನ ಬಸ್ಸಿನೊಳಗೆ ಕೂತಿದ್ದೆ. ಇವತ್ತಿಗೂ ಅದೇ ನನ್ನ ಕೆಲಸ.

ಅಕ್ಕೋರಿಗೆ ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆ ಗಂಟುಬಿತ್ತು. ಪರೀಕ್ಷೆಗೆ ನನ್ನ ಹತ್ತಿರವೇ ಬರುತ್ತಿದ್ದರು. ಒಮ್ಮೆ ರಕ್ತ ತೆಗೆಯುತ್ತ ಕೇಳಿಯೇಬಿಟ್ಟೆ, ಅವತ್ತು ಅಷ್ಟೊಂದು ಕನ್ನಡಕ ಯಾಕೆ ಒರೆಸಿದಿರಿ ಎಂದು.

"ಕಣ್ಣಾಗ ಕಣ್ಣಿಟ್ಟ ಕುಂತ್ರ ಖರೇ ಮಾತು ಬಾಯಿಗೆ ಬರಂಗಿಲ್ಲವಾ. ಕನ್ನಡಕ ತಗದ್ರ ನನಗ ಯಾರ ಮಾರೀನೂ ಕಾಣಂಗಿಲ್ಲ. ಹೇಳವರಿಗೆ ಅಷ್ಟ ಧೈರ್ಯ" ಎಂದು ನಕ್ಕರು. ಊರೆಲ್ಲ ನಕ್ಕ ಚಾಳಿ ಅದು! ನಾನು ಸೂಜಿ ತೆಗೆದು ಅವರ ತೋಳಿಗೆ ಹತ್ತಿ ಒತ್ತಿದೆ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಕೊನೆಯ ಸಲದ ರಕ್ತ ನೋಡಿದವಳೂ ನಾನೇ. ಮಣ್ಣಿಗೆ ಒಯ್ಯುವಾಗ ಮುಖದ ಮೇಲೆ ಕನ್ನಡಕ ಇರಲಿಲ್ಲ. ಮೂಗಿನ ಮೇಲಿನ ಕುಳಿ ಹಾಗೇ ಇದ್ದವು. ತಡೆಯಲಾರದೆ ಅತ್ತೆಯ ಹೆಗಲಿಗೆ ಬಿದ್ದು ಅತ್ತುಬಿಟ್ಟೆ.

ಈಗ ಮತ್ತೆ ಜನಗಣತಿ. ಮೊನ್ನೆ ಮನೆಪಟ್ಟಿ ಮಾಡಲು ಒಬ್ಬ ಹೊಸ ಮಾಸ್ತರರು ಮೊಬೈಲು ಹಿಡಿದು ಬಂದಿದ್ದರು. ಮಾವ ಈಗಿಲ್ಲ. ಯಜಮಾನರು ಚಾವಣಿ, ನಳ, ಗ್ಯಾಸು ಎಂದು ಉತ್ತರ ಹೇಳುತ್ತಿದ್ದರು. ಮೂಲೆಯಲ್ಲಿ ಕೂತ ಅತ್ತೆ ಕೊನೆಗೆ ಬಾಯಿ ಹಾಕಿದರು.

"ಕೆಲಸದ್ದು ಕೇಳಂಗಿಲ್ಲೇನ್ರಿ?"

"ಅದು ಮುಂದಿನ ಸುತ್ತಿನ್ಯಾಗ ಅಜ್ಜಿ. ಆವಾಗ ಬರತೇವಿ."

"ಬರ್ರಿ ಹಂಗಾರ. ಆದ್ರ ನಂದು ನನ್ನನ್ನ ಕೇಳಬೇಕ ನೋಡ್ರಿ, ಮಗನ್ನ ಅಲ್ಲ" ಎಂದರು ಅತ್ತೆ. ಆಮೇಲೆ ಒಂದು ಕ್ಷಣ ನನ್ನತ್ತ ನೋಡಿ, ಮಾಸ್ತರರಿಗೆ ಹೇಳಿದರು: "ಕೇಳಿದ ಮ್ಯಾಲ ಸ್ವಲ್ಪ ಹೊತ್ತು ಆ ಕಡೆ ನೋಡ್ರಿ. ನಮ್ಮ ಅಕ್ಕೋರು ಹಂಗ ಮಾಡತಿದ್ರು."