ಎಡಗೈ ದೇವರುಗಳ ಮೇಸ್ತ್ರಿ

ರೋಮಿನ ನಮ್ಮ ಬೀದಿಯಲ್ಲಿ ಹಳೆಯ ದೇವರುಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು, ಕಾಗದಕ್ಕೆ ಒತ್ತಿ ಮಾರುವ ಒರ್ಸೋ ಮೇಸ್ತ್ರಿಗೆ ಈ ಕಸುಬಿನಲ್ಲಿ ಮೂವತ್ತು ವರ್ಷ ಕಳೆದರೂ ಒಂದು ಸಂಗತಿ ತಲೆಗೆ ಹತ್ತಿಲ್ಲ: ತಗಡಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಹಾಗಾಗಿ ಅವನ ಜೂಪಿಟರ್ ಸಿಡಿಲನ್ನು ಎಸೆಯುವುದು ಎಡಗೈಯಲ್ಲಿ, ಯುದ್ಧದೇವರಾದ ಮಾರ್ಸ್ ಕತ್ತಿ ಹಿರಿಯುವುದೂ ಎಡಗೈಯಲ್ಲೇ. ಒತ್ತಿದ ಕಾಗದವನ್ನು ಎತ್ತಿ ನೋಡಿದಾಗಲೆಲ್ಲ ಮೊದಲ ಬೈಗುಳ ಅಚ್ಚಿನ ಯಂತ್ರಕ್ಕೆ, ಆಮೇಲೆ ಶಾಯಿಗೆ, ಕೊನೆಗೆ ಅವನಿಗೆ ಕಾಗದ ಮಾರುವ ನನಗೆ. ಗಿರಾಕಿಗಳೆದುರು ಮಾತ್ರ ಸೋಲುವ ಆಸಾಮಿಯಲ್ಲ. "ಅಲ್ಲ ಮೇಸ್ತ್ರಿ, ನಿಮ್ಮ ದೇವರೆಲ್ಲ ಎಡಚರೇನು?" ಎಂದು ವಕೀಲರ ಹೆಂಡತಿ ಕೇಳಿದರೆ, "ತಾವು ಮೇಲೆ ಹೋಗಿ ನೋಡ್ಕೊಂಡು ಬಂದ್ರಾ ತಾಯಿ?" ಎನ್ನುತ್ತಾನೆ, ಆಕೆ ನಕ್ಕು ಎರಡು ಚಿತ್ರ ಕೊಳ್ಳುತ್ತಾಳೆ. ಒಬ್ಬ ದೇವರು ಮಾತ್ರ ಪ್ರತಿಸಲವೂ ಸರಿಯಾಗಿ ಬರುತ್ತಾನೆ: ಕುಲುಮೆಯಲ್ಲಿ ಕಬ್ಬಿಣ ಬಡಿಯುವ ಕುಂಟ ವಲ್ಕನ್. ಅವನನ್ನು ಕೊರೆಯುವ ದಿನ ಒರ್ಸೋ, ಮಿಕ್ಕ ದೇವರನ್ನು ನೋಡಿ ಕೊರೆಯುವ ಹಳೆಯ ನಮೂನೆ ಚಿತ್ರಗಳನ್ನು ಮುಟ್ಟುವುದಿಲ್ಲ. ಬಲಗೈಯಲ್ಲಿ ಸುತ್ತಿಗೆ ಹಿಡಿದು ಕನ್ನಡಿಯ ಮುಂದೆ ನಿಂತು, ತನ್ನದೇ ಕುಂಟುಗಾಲನ್ನು ನೋಡಿಕೊಂಡು ಬಂದು ಕೊರೆಯುತ್ತಾನೆ. ಕನ್ನಡಿಯಲ್ಲಿ ತಿರುಗಿದ್ದು ಕಾಗದದಲ್ಲಿ ಮತ್ತೊಮ್ಮೆ ತಿರುಗಿ ನೆಟ್ಟಗಾಗುತ್ತದೆ. "ಮಿಕ್ಕ ದೇವರಿಗೂ ಕನ್ನಡಿ ಹಿಡೀಬಹುದಲ್ಲಯ್ಯ" ಎಂದೆ ಒಂದು ದಿನ. ಒರ್ಸೋ ತಗಡಿನಿಂದ ತಲೆ ಎತ್ತಲಿಲ್ಲ. "ಅವ್ರೆಲ್ಲ ಕೂತು ತಿನ್ನೋರು ಕಣಯ್ಯ, ಹೆಂಗ್ ಬಂದ್ರೂ ನಡೆಯತ್ತೆ. ಇವನೊಬ್ಬ ಬೆಳಗಾದ್ರೆ ಕೆಲಸಕ್ಕೆ ಹೋಗ್ಬೇಕು. ಇವನ ಕೈ ನಾನು ಅದಲುಬದಲು ಮಾಡಿದ್ರೆ ಊಟಕ್ಕೇನು ಮಾಡ್ತಾನೆ?"