ಡಿಗ್ರಿ ಅಕ್ಕನ ಎರಡನೇ ಅಳತೆ

ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ ಡಿಗ್ರಿ ಅಕ್ಕ ಮಂಗಳವಾರ ತೀರಿಕೊಂಡಳು. ಬೆಳಗಿನ ಹಾಲು ಮುಗಿದ ಮೇಲೆ, ಕೆಲಸದ ಜಾಗದಲ್ಲೇ ಹೃದಯ ನಿಂತಿತು. ಡಾಕ್ಟರು ಹಾಗೆಂದರು, ಅವಳಾಗಿದ್ದರೆ ನಂಬುತ್ತಿರಲಿಲ್ಲ.

ಹಾಲಿನಲ್ಲಿ ಗಾಜಿನ ಮಾಪಕ ತೇಲಿಬಿಟ್ಟು, ಡಿಗ್ರಿಯ ಗೆರೆ ನೋಡಿ, ನೀರು ಬೆರೆತಿದೆಯೇ ಎಂದು ಹೇಳುವುದು ಅವಳ ಕೆಲಸ. ತಂದವನು ಮುಖ ಸಿಂಡರಿಸಿದರೆ ಮತ್ತೊಮ್ಮೆ ಅಳೆಯುತ್ತಿದ್ದಳು; ನಕ್ಕರೆ ಮೂರನೇ ಸಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಡಾಕ್ಟರರ ಬಿಳಿ ಕೋಟಿಗೂ ಅನ್ವಯಿಸಿದ್ದಳು.

ಮದುವೆಯಾದ ಎರಡನೇ ವರ್ಷ, ಅವಳ ಗರ್ಭಕೋಶದ ಬಾಯಿಯ ಜೀವಕೋಶಗಳು ಬದಲಾಗಿವೆ ಎಂದು ತಪಾಸಣೆಯಲ್ಲಿ ಗೊತ್ತಾಯಿತು. ಇದು ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದು ಎಂದು ಡಾಕ್ಟರಮ್ಮ ಆ ಭಾಗವನ್ನು ಕತ್ತರಿಸಿ ತೆಗೆದರು. ಹೆಚ್ಚಿನವರಿಗೆ ದಿನ ತುಂಬಿಯೇ ಹೆರಿಗೆಯಾಗುತ್ತದೆ, ಬಸಿರಾದಾಗ ಮಾತ್ರ ಅಳೆದು ನೋಡುತ್ತಿರಬೇಕು ಎಂದರು. ಅಕ್ಕನಿಗೆ ಕೇಳಿಸಿದ್ದು ಆ ‘ಮಾತ್ರ’ ಒಂದೇ. ಗಂಡನಿಗೆ ಹೇಳಿದಳು, ಅತ್ತೆಗೆ ಹೇಳುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿಕೊಂಡಳು.

ಬಸಿರಾದ ಮೇಲೆ ಅತ್ತೆ ಅವಳಿಗೆ ಒಂದು ಕೊಡ ನೀರು ಎತ್ತಲೂ ಬಿಡಲಿಲ್ಲ. ಮೊದಲೆಲ್ಲ ಸೊಸೆ ಕಾಲು ಚಾಚಿದರೆ ಹುಬ್ಬು ಗಂಟಿಕ್ಕುತ್ತಿದ್ದವರು. ಗಂಡ ಬಾಯಿ ಬಿಟ್ಟಿದ್ದಾನೆ, ಈ ಮಗು ತನ್ನಲ್ಲಿ ನಿಲ್ಲುವುದಿಲ್ಲವೆಂದು ಇಬ್ಬರೂ ತೀರ್ಮಾನಿಸಿಬಿಟ್ಟಿದ್ದಾರೆ ಎಂದುಕೊಂಡಳು ಅಕ್ಕ. ಪಕ್ಕದ ಕೋಣೆಯಲ್ಲಿ ಪಿಸುಮಾತು ಕೇಳಿದರೆ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಐದನೇ ತಿಂಗಳಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆ ನೋಡುತ್ತ, ಗರ್ಭಕೋಶದ ಬಾಯಿ ಗಿಡ್ಡವಾಗುತ್ತಿದೆ, ಹೊಲಿಗೆ ಹಾಕದಿದ್ದರೆ ಮಗು ಬೇಗ ಬಂದುಬಿಡಬಹುದು ಎಂದರು.

“ಇನ್ನೊಂದ್ಸಲ ಅಳೀರಿ.”

“ನಂಬಿಕೆ ಇಲ್ವಾ?”

“ನನ್ನ ಅಳತೇನೇ ನಾನು ಒಂದ್ಸಲಕ್ಕೆ ನಂಬಲ್ಲ ಮೇಡಂ.”

ಡಾಕ್ಟರಮ್ಮ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಮತ್ತೆ ಅಳೆದರು. ಅಷ್ಟೇ ಬಂತು. ಹೊಲಿಗೆಗೆ ಅಕ್ಕ ಒಪ್ಪಿದಳು.

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಅಕ್ಕ ಕೇಳಿಯೇಬಿಟ್ಟಳು: “ನಿಮಗೆ ಯಾರು ಹೇಳಿದ್ದು ಅತ್ತೆ?”

“ಯಾರೂ ಹೇಳಿಲ್ಲ ಕಣೇ. ಅವತ್ತು ಆಸ್ಪತ್ರೆಯಿಂದ ಬಂದ ವಾರ ನಿನ್ನ ಬಟ್ಟೆಯ ರಕ್ತದ ಕಲೆ ಒಗೆದವಳು ನಾನು. ನೀನಾಗೇ ಹೇಳ್ತೀಯ ಅಂತ ಕಾಯ್ತಿದ್ದೆ.”

ಆ ಮಾತನ್ನೂ ಅಕ್ಕ ಮನೆಗೆ ಹೋಗಿ ಗಂಡನ ಹತ್ತಿರ ತಾಳೆ ನೋಡಿದಳು.

ಒಂಬತ್ತನೇ ತಿಂಗಳಲ್ಲಿ ಹೊಲಿಗೆ ಬಿಚ್ಚಿದರು. ಇನ್ನೇನು ಬಂತು ಎಂದು ಗಂಟುಮೂಟೆ ಕಟ್ಟಿ ಕೂತರೆ ಮಗು ಎರಡು ವಾರ ಮಿಸುಕಲಿಲ್ಲ. ಇದೂ ತಾಯಿಯ ಹಾಗೇ ಅನುಮಾನದ ಪಿಂಡ, ಹೊರಗೆ ಹೇಗಿದೆಯೋ ಎಂದು ಯೋಚಿಸುತ್ತಿದೆ ಎಂದು ಅತ್ತೆ ಛೇಡಿಸಿದರು. ದಿನ ತುಂಬಿಯೇ ಹೆಣ್ಣು ಮಗು ಹುಟ್ಟಿತು. ತೂಗುವ ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿತ್ತೇ ಎಂದು ಅಕ್ಕ ನರ್ಸನ್ನು ಕೇಳಿದಳು.

ಆ ಮಗಳಿಗೆ ಈಗ ಮೂವತ್ತು. ಆ ಮಂಗಳವಾರ ಬೆಳಿಗ್ಗೆಯೇ ಫೋನ್ ಮಾಡಿ, ತಾನೂ ಅದೇ ತಪಾಸಣೆ ಮಾಡಿಸಿಕೊಂಡೆ, ಏನೂ ಇಲ್ಲವೆಂದು ಬಂದಿದೆ ಎಂದಳು. ಫೋಟೋ ಕಳಿಸು ಎಂದಳು ಅಕ್ಕ. ಬಂದ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಹೆಸರು ನೋಡಿದಳು, ವಯಸ್ಸು ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಮೇಲ್ವಿಚಾರಕನ ಹತ್ತಿರ ಹೋಗಿ, ನಾಳೆ ಮಗಳ ಆಸ್ಪತ್ರೆಯಲ್ಲಿ ವಿಚಾರಿಸುವುದಿದೆ, ಅರ್ಧ ದಿನ ರಜೆ ಬೇಕು ಎಂದು ಕೇಳಿದಳು.